ತುಟಿಯ ಮೇಲಿನ ಮಾತು

ಗಿರಣಿ ಮುಚ್ಚಿ ಏಳು ವರ್ಷವಾಗಿದ್ದರೂ ಅವರನ್ನು ಎಲ್ಲರೂ ಜಾಬರ್ ಎಂದೇ ಕರೆಯುತ್ತಿದ್ದರು. ಮಗ್ಗಗಳ ಉಸ್ತುವಾರಿ ನೋಡುವವನಿಗೆ ಗಿರಣಿಯಲ್ಲಿದ್ದ ಹೆಸರು ಅದು. ಒಂದು ಕಾಲದಲ್ಲಿ ನಲವತ್ತೆರಡು ಮಗ್ಗಗಳೂ ಅವುಗಳ ಮುಂದೆ ನಿಂತ ಹೆಂಗಸರೂ ಅವರು ಕಣ್ಣು ಬಿಟ್ಟರೆ ನಡುಗುತ್ತಿದ್ದರು ಎಂದು ಅವರು ನಂಬಿದ್ದರು. ಈಗ ಉಳಿದದ್ದು ಒಂದು ಬೀಗದ ಕೈ ಮಾತ್ರ. ಮಗ್ಗಗಳೆಲ್ಲ ಮಾರಿಹೋದ ಮೇಲೆ ಖಾಲಿ ಶೆಡ್ಡನ್ನು ಕಾಯಲು ಯಾರಾದರೊಬ್ಬರು ಬೇಕಲ್ಲ ಎಂದು ಮಾಲೀಕರು ಆ ಕೈಯನ್ನು ಅವರಿಗೇ ಬಿಟ್ಟಿದ್ದರು. ದಿನಾ ಬೆಳಗ್ಗೆ ಹೋಗಿ ಬಾಗಿಲು ತೆಗೆದು, ಪಾರಿವಾಳ ಓಡಿಸಿ, ನೆಲದಲ್ಲಿ ಇನ್ನೂ ಸಾಲುಸಾಲಾಗಿ ಎದ್ದು ನಿಂತಿದ್ದ, ಮಗ್ಗ ಬಿಗಿದಿದ್ದ ಬೋಲ್ಟುಗಳ ನಡುವೆ ಒಂದು ಸುತ್ತು ಹೊಡೆದು ಬರುತ್ತಿದ್ದರು.

ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೂವತ್ತೊಂದು ವರ್ಷ ಮಗ್ಗಗಳ ಗದ್ದಲದಲ್ಲಿ ನಿಂತವರಿಗೆ ಇನ್ನೇನಾಗುತ್ತದೆ? ಆದರೆ ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಎದುರಿನವರು ಮಾತಾಡಿದರೆ ಗಂಭೀರವಾಗಿ ತಲೆಯಾಡಿಸುವುದು, ಅವರು ನಕ್ಕರೆ ತಾವೂ ನಗುವುದು, ಇದರಲ್ಲಿ ಪಳಗಿಹೋಗಿದ್ದರು. ಹೆಂಡತಿಗೆ ಮಾತ್ರ ಎಲ್ಲ ಗೊತ್ತಿತ್ತು. ಉಪ್ಪು ಬೇಕಾ ಎಂದರೆ ಅಪ್ಪ ಸತ್ತು ಹತ್ತು ವರ್ಷವಾಯಿತಲ್ಲ ಎನ್ನುವ ಗಂಡನೊಡನೆ ಬಾಳುವವಳಿಗೆ ಗೊತ್ತಾಗದೆ ಇರುತ್ತದೆಯೆ?

ಈ ತಲೆಯಾಡಿಸುವ ಅಭ್ಯಾಸದಿಂದಲೇ ಅವರು ನಾಟಕದೊಳಗೆ ಸಿಕ್ಕಿಹಾಕಿಕೊಂಡರು.

ಒಂದು ಬೆಳಗ್ಗೆ ಕಾಲೇಜಿನ ಟೀಚರೊಬ್ಬಳು ಮಾಲೀಕರ ಚೀಟಿ ಹಿಡಿದು ಬಂದಳು. ಗಿರಣಿಯ ಶೆಡ್ಡುಗಳನ್ನೆಲ್ಲ ಒಂದೊಂದಾಗಿ ಕೆಡವುವುದೆಂದು ತೀರ್ಮಾನವಾಗಿತ್ತು. ಮಗ್ಗದ ಶೆಡ್ಡಿನ ಸರದಿ ಬರುವ ಮೊದಲು ಅಲ್ಲಿ ಒಂದು ನಾಟಕ ಆಡಲು ಅವಳು ಒಪ್ಪಿಗೆ ತಂದಿದ್ದಳು. ಎರಡೂವರೆ ಸಾವಿರ ವರ್ಷ ಹಳೆಯ ಗ್ರೀಕ್ ನಾಟಕ. ಯುದ್ಧದಲ್ಲಿ ಸೋತ ಒಂದು ಊರು, ಗಂಡಸರೆಲ್ಲ ಸತ್ತಿದ್ದಾರೆ, ಹೆಂಗಸರು ನೆಲದ ಮೇಲೆ ಕೂತು, ಗೆದ್ದವರಲ್ಲಿ ಯಾರು ಯಾರನ್ನು ಎಳೆದುಕೊಂಡು ಹೋಗುತ್ತಾರೋ ಎಂದು ಕಾಯುತ್ತಾರೆ. ಅವರ ನಡುವೆ ಮುದಿ ರಾಣಿ. ಗೆದ್ದವರು ಈ ಹೆಂಗಸರನ್ನು ಹಡಗು ಹತ್ತಿಸಿ ಕೊಂಡೊಯ್ಯುವುದು ತಮ್ಮ ಮನೆಗಳಲ್ಲಿ ಬಟ್ಟೆ ನೇಯಿಸುವುದಕ್ಕೆ. ಅದಕ್ಕೇ ಮಗ್ಗದ ಶೆಡ್ಡೇ ಬೇಕು ಎಂದಳು ಟೀಚರ್. ಕಾಲೇಜಿನ ಸಭಾಂಗಣದಲ್ಲಿ ಒಮ್ಮೆ ಆಡಿಸಿ ನೋಡಿದ್ದಳಂತೆ. ಬಹುಮಾನ ವಿತರಣೆಯ ಸಮಾರಂಭದ ಹಾಗೆ ಕಂಡಿತಂತೆ.

ಇದರಲ್ಲಿ ಜಾಬರಿಗೆ ಕೇಳಿಸಿದ್ದು ಅರ್ಧ. ಉಳಿದರ್ಧಕ್ಕೆ ಎಂದಿನಂತೆ ತಲೆಯಾಡಿಸಿದರು. ಕೊನೆಗೆ ಅವಳು ಏನೋ ಕೇಳಿದಳು. ಪೊರಕೆ ಕೇಳುತ್ತಿದ್ದಾಳೆಂದುಕೊಂಡು, ಅದಕ್ಕೇನು, ಎಷ್ಟು ಬೇಕಾದರೂ ಇವೆ, ನಾಳೆಯೇ ತರಿಸುತ್ತೇನೆ ಎಂದರು. ಅವಳ ಮುಖ ಅರಳಿತು.

ಮರುದಿನ ಆರು ಪೊರಕೆಗಳನ್ನು ಗೋಡೆಗೆ ಒರಗಿಸಿಟ್ಟು ಕಾಯುತ್ತಿದ್ದ ಅವರನ್ನು ಟೀಚರ್ ಕೇಳಿದಳು, "ಹೆಂಗಸರೆಲ್ಲಿ ಸಾರ್?"

ಅವಳು ಕೇಳಿದ್ದು ಇಲ್ಲೇ ದುಡಿದಿದ್ದ ನೇಯ್ಗೆಯ ಹೆಂಗಸರನ್ನು. ಒಂದು ಹನ್ನೆರಡು ಜನರನ್ನು ಸೇರಿಸಿಕೊಡುತ್ತೀರಾ ಎಂದು. ಕಿವಿ ಕೇಳಿಸಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಹನ್ನೆರಡು ಹೆಂಗಸರನ್ನು ಹುಡುಕುವುದೇ ಸುಲಭ ಎನಿಸಿತು ಅವರಿಗೆ.

ಹುಡುಕುವುದೆಂದರೆ ಮೊದಲು ರೇಡಿಯೊ ಹತ್ತಿರ ಹೋಗಬೇಕು. ಅದು ಆ ಹೆಂಗಸಿನ ಅಡ್ಡಹೆಸರು. ಶೆಡ್ಡಿನ ಒಂದು ತುದಿಯಲ್ಲಿ ನಿಂತು ಬಾಯಾಡಿಸಿದರೆ ಸಾಕು, ಅರೆಗಳಿಗೆಯಲ್ಲಿ ಸುದ್ದಿ ಇನ್ನೊಂದು ತುದಿ ಮುಟ್ಟುತ್ತಿತ್ತು. ಮಗ್ಗ ಓಡುವಾಗ ಪಕ್ಕದಲ್ಲಿ ಗುಂಡು ಹಾರಿದರೂ ಕೇಳಿಸದು. ಹಾಗಾಗಿ ಆ ಹೆಂಗಸರು ದನಿಯ ಗೊಡವೆಯನ್ನೇ ಬಿಟ್ಟಿದ್ದರು. ಒಬ್ಬಳು ತುಟಿಯನ್ನು ದೊಡ್ಡದಾಗಿ ಆಡಿಸುವಳು, ಜೊತೆಗೆ ಕೈಯೂ ಹುಬ್ಬೂ ಸೇರುವವು. ಇನ್ನೊಬ್ಬಳು ಅದನ್ನು ಓದುವಳು. ಮದುವೆ, ಬಸಿರು, ಅತ್ತೆಯ ಕಾಟ, ಎಲ್ಲವೂ ಹಾಗೇ ಸಾಗುತ್ತಿದ್ದವು. ಜಾಬರ್ ಹತ್ತಿರ ಬಂದರೆ ಬಾಯಿಗೆ ಕೈ ಅಡ್ಡ ಬರುತ್ತಿತ್ತು. ಅವರಿಗೆ ಆ ಮಾತು ಬರುತ್ತಿರಲಿಲ್ಲ. ಬರದ್ದನ್ನು ಅವರು ಹರಟೆ ಎಂದು ಕರೆದರು. ರೇಡಿಯೊಗೆ ಒಮ್ಮೆ ಎಚ್ಚರಿಕೆಯ ಚೀಟಿಯನ್ನೂ ಕೊಟ್ಟಿದ್ದರು.

ಈಗ ಅವಳು ಬಸ್ ನಿಲ್ದಾಣದ ಪಕ್ಕ ಒಂದು ಗೂಡಿನಂಥ ಅಂಗಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಹರಿದ ಜಿಪ್ಪು, ಬಿಚ್ಚಿದ ಅಂಚು ಸರಿಮಾಡುತ್ತಿದ್ದಳು. ಅರವತ್ತು ದಾಟಿದ್ದರೂ ಬೆನ್ನು ನೆಟ್ಟಗಿತ್ತು. ಜಾಬರ್ ಬಂದ ಕೆಲಸ ಹೇಳುತ್ತಿದ್ದಷ್ಟು ಹೊತ್ತೂ ಅವಳು ಒಂದು ಪ್ಯಾಂಟಿನ ಅಂಚು ಮಡಿಸುತ್ತಲೇ ಇದ್ದಳು.

"ಸೋತ ಊರಿನ ಹೆಂಗಸರಂತೆ. ಸುಮ್ಮನೆ ಕೂತು ಅಳೋದೇನಾ?"

"ಅಳೋದೂ ಇರಬಹುದು," ಎಂದರು ಜಾಬರ್. "ನನಗೆ ಪೂರ್ತಿ ಗೊತ್ತಿಲ್ಲ."

"ಬರ್ತೀವಿ. ಆದ್ರೆ ನಾಟಕ ಏನು ಹೇಳುತ್ತೆ ಅಂತ ಮೊದಲು ಆ ಟೀಚರ್ ನಮಗೆ ಪೂರ್ತಿ ಓದಿ ಹೇಳಲಿ. ಅರ್ಥವಾಗದ ಮಾತನ್ನ ನಾವು ಆಡಲ್ಲ."

ಎರಡು ದಿನದಲ್ಲಿ ಹನ್ನೆರಡಲ್ಲ, ಹದಿಮೂರು ಜನ ಸೇರಿದರು. ಟೀಚರ್ ನೆಲದ ಮೇಲೆ ಅವರ ನಡುವೆ ಕೂತು ನಾಟಕವನ್ನು ಓದಿ ಹೇಳಿದಳು. ಎಲ್ಲಾದರೂ ತಡೆದು ಇದು ಯಾಕೆ ಹೀಗೆ ಎಂದು ಕೇಳಿದರೆ ತಾಳ್ಮೆಯಿಂದ ಬಿಡಿಸಿದಳು. ರಾಣಿಯ ಪುಟ್ಟ ಮೊಮ್ಮಗನನ್ನು, ದೊಡ್ಡವನಾದರೆ ಸೇಡು ತೀರಿಸಿಕೊಂಡಾನು ಎಂದು ಗೆದ್ದವರು ಕೋಟೆಯ ಮೇಲಿಂದ ಎಸೆದು ಕೊಲ್ಲುವ ಕಡೆ ಒಬ್ಬಳು ಎದ್ದು ಹೊರಗೆ ಹೋಗಿ, ಮುಖ ತೊಳೆದು ಬಂದು ಮತ್ತೆ ಕೂತಳು. ಓದು ಮುಗಿಯಿತು. ಇಷ್ಟು ಹಿಂದೆ ಬರೆದವನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂದಳು ರೇಡಿಯೊ. ಅವನಿಗೂ ಒಬ್ಬ ಅಜ್ಜಿ ಇದ್ದಿರಬೇಕು ಎಂದಳು ಇನ್ನೊಬ್ಬಳು. ರಾಣಿಯ ಪಾತ್ರಕ್ಕೆ ಟೀಚರ್ ಕಾಲೇಜಿನ ನಟಿಯೊಬ್ಬಳನ್ನು ಗೊತ್ತುಮಾಡಿದ್ದಳು. ಅವತ್ತು ಸಂಜೆ ಆ ಏರ್ಪಾಟು ಬದಲಾಯಿತು. ರಾಣಿ ರೇಡಿಯೊ, ಉಳಿದವರು ಮೇಳ.

ಮೇಳವೆಂದರೆ ಹನ್ನೆರಡು ಬಾಯಿ ಒಂದೇ ಮಾತನ್ನು ಒಂದೇ ಉಸಿರಿನಲ್ಲಿ ಆಡಬೇಕು. ತರಬೇತಾದ ನಟರೂ ಇದಕ್ಕೆ ತಿಂಗಳುಗಟ್ಟಲೆ ಹೆಣಗುತ್ತಾರೆ ಎಂದು ಟೀಚರ್ ಮೊದಲೇ ಸಮಾಧಾನ ಹೇಳಿದ್ದಳು. ಇವರು ಎರಡನೆಯ ದಿನವೇ ಆಡಿದರು. ಯಾರೂ ಮೊದಲಿಲ್ಲ, ಯಾರೂ ಕೊನೆಯಿಲ್ಲ. ಟೀಚರ್ ಕೈಯಲ್ಲಿದ್ದ ಹಾಳೆ ಹಿಡಿದಂತೆಯೇ ನಿಂತುಬಿಟ್ಟಳು. ಜಾಬರ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತಮಗೇನೂ ಸಂಬಂಧವಿಲ್ಲದವರ ಹಾಗೆ ನೋಡುತ್ತಿದ್ದರು. ಮಾತು ಅವರಿಗೆ ಕೇಳಿಸುತ್ತಿರಲಿಲ್ಲ. ಆದರೆ ಹನ್ನೆರಡು ಎದೆಗಳು ಒಟ್ಟಿಗೆ ಏರಿ ಇಳಿಯುವುದು ಕಾಣುತ್ತಿತ್ತು. ಇಷ್ಟು ವರ್ಷ ಇವರ ಕೈಗಳನ್ನು ಮಾತ್ರ ನೋಡಿದ್ದೆನಲ್ಲ ಎನಿಸಿತು.

ಮೂರನೆಯ ವಾರ ಮುಖವಾಡ ಬಂದವು. ಗ್ರೀಕರು ಮುಖವಾಡ ತೊಟ್ಟೇ ಆಡುತ್ತಿದ್ದರಂತೆ. ಟೀಚರ್ ರದ್ದಿ ಕಾಗದ ಅರೆದು, ಅಂಟು ಬೆರೆಸಿ, ಒಂದೊಂದನ್ನೂ ತನ್ನ ಕೈಯಾರೆ ಮಾಡಿದ್ದಳು. ನೋಡಲು ಬಹಳ ಚೆನ್ನಾಗಿದ್ದವು. ಆದರೆ ಅವನ್ನು ಕಟ್ಟಿಕೊಂಡದ್ದೇ ತಡ, ಮೇಳ ಹರಿದ ಮಣಿಸರದಂತೆ ಚೆಲ್ಲಾಪಿಲ್ಲಿಯಾಯಿತು. ಒಬ್ಬಳು ಮುಂದೋಡಿದರೆ ಇನ್ನೊಬ್ಬಳು ಹಿಂದುಳಿದಳು. ಮತ್ತೆ ಮಾಡಿಸಿದರೂ ಅದೇ ಪಾಡು. ಅಭ್ಯಾಸವಾಗುತ್ತದೆ ಎಂದಳು ಟೀಚರ್. ಒಂದು ವಾರವಾದರೂ ಆಗಲಿಲ್ಲ.

ರೇಡಿಯೊ ಮುಖವಾಡ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. "ಟೀಚರಮ್ಮ, ನಾವು ಒಬ್ಬರ ಮಾತನ್ನ ಒಬ್ಬರು ಕಿವಿಯಿಂದ ಕೇಳೋದಲ್ಲ. ತುಟಿ ನೋಡಿ ಕೇಳೋದು. ಬಾಯಿ ಮುಚ್ಚಿದ್ರೆ ನಮಗೆ ಕಿವಿನೇ ಮುಚ್ಚಿದ ಹಾಗೆ."

ಟೀಚರಿಗೆ ಆ ಮುಖವಾಡಗಳ ಮೇಲೆ ಜೀವ. ಒಂದೊಂದನ್ನೂ ಎತ್ತಿ ತಿರುಗಿಸಿ ನೋಡಿದಳು. ಆಮೇಲೆ ರೇಡಿಯೊಳ ಚೀಲದಿಂದ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತೆಗೆದುಕೊಂಡು, ಹದಿಮೂರು ಮುಖವಾಡಗಳನ್ನೂ ಮೂಗಿನ ಕೆಳಗೆ ನೇರ ಕತ್ತರಿಸಿದಳು. ಕೆಳಗಿನ ಅರ್ಧಗಳನ್ನು ಒಂದರ ಮೇಲೊಂದು ಜೋಡಿಸಿ ಮೂಲೆಗಿಟ್ಟಳು. ಕಣ್ಣು ತುಂಬಿತ್ತು, ಆದರೆ ಒಂದು ಗೆರೆಯೂ ಓರೆಯಾಗಿರಲಿಲ್ಲ. ಜಾಬರಿಗೆ ಆ ಹುಡುಗಿಯ ಮೇಲೆ ಗೌರವ ಹುಟ್ಟಿದ್ದು ಅವತ್ತು. ತಾವು ಮಾಡಿದ ಚೆಂದದ ಕೆಲಸವನ್ನು ಇನ್ನೊಬ್ಬರ ಕೆಲಸಕ್ಕಾಗಿ ಕತ್ತರಿಸುವವರು ಎಷ್ಟು ಜನ ಸಿಗುತ್ತಾರೆ?

ಈ ನಡುವೆ ರೇಡಿಯೊ ಒಂದನ್ನು ಗಮನಿಸಿದ್ದಳು. ಜಾಬರನ್ನು ಹಿಂದಿನಿಂದ ಕರೆದರೆ ಅವರು ತಿರುಗುತ್ತಿರಲಿಲ್ಲ. ಅವಳು ಏನೂ ಹೇಳಲಿಲ್ಲ. ಅವರೊಡನೆ ಮಾತಾಡುವಾಗ ಎದುರಿಗೆ ಬಂದು, ಬೆಳಕಿಗೆ ಮುಖಮಾಡಿ, ಮಾತನ್ನು ತುಟಿಯ ಮೇಲೆ ಬಿಡಿಸಿ ಇಡತೊಡಗಿದಳು. ದಿನ ಕಳೆದಂತೆ ಉಳಿದವರೂ ಹಾಗೇ ಮಾಡಿದರು. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತಾರೆ. ಇವರು ಕಿನ್ನರಿಯನ್ನೇ ಕಣ್ಣಿಗೆ ಕಾಣುವಂತೆ ಮಾಡಿದರು. ಜಾಬರಿಗೆ ಮೊದಲು ಅವಮಾನವಾದಂತಾಯಿತು. ಆಮೇಲೆ, ತಲೆಯಾಡಿಸದೆ ಉತ್ತರ ಕೊಟ್ಟು ಎಷ್ಟು ವರ್ಷವಾಯಿತು ಎಂಬ ಲೆಕ್ಕವೇ ತಪ್ಪಿದ್ದು ನೆನಪಾಯಿತು.

ಒಂದು ಮಧ್ಯಾಹ್ನ ಎಲ್ಲರೂ ಗೋಡೆಗೊರಗಿ ಚಹಾ ಕುಡಿಯುತ್ತಿದ್ದಾಗ ಹಳೆಯ ಎಚ್ಚರಿಕೆಯ ಚೀಟಿಯ ಮಾತು ಬಂತು. ತಾವು ಅದನ್ನು ಕೊಟ್ಟದ್ದು ಯಾಕೆಂದು ನೆನಪಿದೆಯೇ ಎಂದು ಜಾಬರೇ ಕೇಳಿದರು, ಸ್ವಲ್ಪ ತಮಾಷೆಯಾಗಿ. ಮಗ್ಗ ಓಡುತ್ತಿರುವಾಗ ಅಷ್ಟು ದೂರದ ಹೆಂಗಸಿನೊಡನೆ ಹರಟೆ, ಅವಳು ಇಡೀ ಸಾಲಿನ ಸ್ವಿಚ್ಚನ್ನೇ ಆರಿಸಿಬಿಟ್ಟಿದ್ದು.

"ನೆನಪಿದೆ," ಎಂದಳು ರೇಡಿಯೊ. "ನಿಮ್ಮ ಬೆನ್ನ ಹಿಂದೆ ಮಗ್ಗ ತಿರುಗಿಸೋ ಬೆಲ್ಟು ಬಿಚ್ಚಿಕೊಳ್ತಿತ್ತು. ನೀವು ಅದಕ್ಕೆ ಬೆನ್ನು ಹಾಕಿ ಬರಕೊಳ್ತಾ ನಿಂತಿದ್ರಿ. ನನಗೆ ಸ್ವಿಚ್ಚು ದೂರ. ಅವಳಿಗೆ ಹತ್ತಿರ. ಆರಿಸು ಅಂದೆ, ಆರಿಸಿದಳು."

ಜಾಬರ್ ಚಹಾದ ಲೋಟವನ್ನು ಕೆಳಗಿಟ್ಟರು. ಬಿಚ್ಚಿದ ಬೆಲ್ಟು ಏನು ಮಾಡಬಲ್ಲದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಒಬ್ಬನ ಭುಜವನ್ನೇ ಒಯ್ದದ್ದನ್ನು ಕಣ್ಣಾರೆ ಕಂಡವರು.

"ಅವತ್ತೇ ಯಾಕೆ ಹೇಳಲಿಲ್ಲ ತಾಯಿ?"

"ಹೇಳಿದ್ವಿ. ಇಬ್ಬರೂ ಹೇಳಿದ್ವಿ. ನಿಮಗೆ ನಮ್ಮ ಮಾತು ಬರ್ತಿರಲಿಲ್ಲ."

ಅವಳ ಮುಖದಲ್ಲಿ ಮುನಿಸಿರಲಿಲ್ಲ. ಚಹಾ ಮುಗಿಸಿ, ಲೋಟ ತೊಳೆದಿಟ್ಟು, ಮುಖವಾಡ ಕಟ್ಟಿಕೊಂಡಳು. ಜಾಬರ್ ಅವತ್ತು ತಾವಾಗಿಯೇ ಶೆಡ್ಡಿನ ಗಾಜಿನ ಛಾವಣಿಗೆ ಏಣಿ ಹಾಕಿಸಿ, ಏಳು ವರ್ಷದ ಕೊಳೆಯನ್ನು ತಿಕ್ಕಿಸಿದರು. ಆ ಛಾವಣಿ ಗರಗಸದ ಹಲ್ಲಿನ ಹಾಗೆ ಏರಿಳಿದಿತ್ತು. ನೂಲು ಕಾಣಲೆಂದು ಕಟ್ಟಿದ್ದ ಅದರ ಗಾಜಿನಿಂದ ನೆರಳಿಲ್ಲದ ಬೆಳಕು ಸುರಿಯುತ್ತಿತ್ತು. ಈಗ ಅದು ತುಟಿ ಕಾಣಲು ಬೇಕಿತ್ತು.

ನಾಟಕ ಭಾನುವಾರ ಮಧ್ಯಾಹ್ನ ಮೂರಕ್ಕೆ. ಆ ಕಾಲದ ಗ್ರೀಕರು ಹಗಲಿನಲ್ಲೇ ಆಡುತ್ತಿದ್ದರಂತೆ. ಕಾಲೇಜಿನ ಕಡೆಯವರು ನೂರು ಕುರ್ಚಿಗಳಲ್ಲಿ ಕೂತರು. ಹಳೆಯ ಗಿರಣಿಯವರು ಕುರ್ಚಿ ಖಾಲಿಯಿದ್ದರೂ ಗೋಡೆಯ ಉದ್ದಕ್ಕೆ ನಿಂತರು. ಆ ಶೆಡ್ಡಿನಲ್ಲಿ ಕೂತು ಅವರಿಗೆ ಅಭ್ಯಾಸವಿರಲಿಲ್ಲ. ಜಾಬರ್ ಹೆಂಡತಿಯೂ ಅವರೊಡನೆ ನಿಂತಿದ್ದಳು. ಹನ್ನೆರಡು ಹೆಂಗಸರು ಬಂದು, ಒಬ್ಬೊಬ್ಬರೂ ತಮ್ಮ ತಮ್ಮ ಮಗ್ಗವಿದ್ದ ಜಾಗ ಹುಡುಕಿ ನಾಲ್ಕು ಬೋಲ್ಟುಗಳ ನಡುವೆ ಕೂತರು. ಟೀಚರ್ ಹೇಳಿಕೊಟ್ಟದ್ದಲ್ಲ ಅದು. ಕೊನೆಗೆ ರಾಣಿ ಬಂದಳು.

ಆಟ ಶುರುವಾಗಿ ಕಾಲು ಗಂಟೆಯಾಗಿರಬೇಕು. ಜಾಬರಿಗೆ ಮೊದಲು ಗೊತ್ತಾದದ್ದು ಅಂಗಾಲಿಗೆ. ನೆಲ ಅದುರತೊಡಗಿತು. ಕುರ್ಚಿಯಲ್ಲಿದ್ದವರು ಕಿವಿ ಮುಚ್ಚಿಕೊಂಡರು. ಪಕ್ಕದ ಶೆಡ್ಡನ್ನು ಕೆಡವುವ ಯಂತ್ರ ಭಾನುವಾರ ಬರುವುದಿಲ್ಲ ಎಂದು ಮಾತಾಗಿತ್ತು. ಬಂದಿತ್ತು. ಜಾಬರ್ ಬಿದ್ದಂಬೀಳ ಹೊರಗೆ ಓಡಿದರು.

ಯಂತ್ರದ ಗೂಡಿನಲ್ಲಿ ಕೂತಿದ್ದವನು ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ. ಜಾಬರ್ ಕೆಳಗಿನಿಂದ ಕೂಗಿದರು, ಅವನು ಮೇಲಿನಿಂದ ಕೂಗಿದ. ಇಬ್ಬರಿಗೂ ಏನೂ ಕೇಳಿಸಲಿಲ್ಲ. ಕೊನೆಗೆ ಅವನು ಯಂತ್ರ ನಿಲ್ಲಿಸಿ, ಕೆಳಗಿಳಿದು, ಅವರ ಮುಂದೆ ನಿಂತು ಗೋಡೆಯ ಕಡೆ ಕೈ ತೋರಿಸಿದ. "ಅಜ್ಜಾ, ಅರ್ಧ ಕೊಯ್ದ ಗೋಡೆ. ನಿನ್ನೆ ಗಾಳಿಗೆ ವಾಲಿದೆ. ಇವತ್ತು ಬಿಟ್ಟು ಹೋದ್ರೆ ಅದಾಗೇ ಬೀಳುತ್ತೆ. ಯಾರ ಮೇಲೆ ಬೀಳುತ್ತೋ ಗೊತ್ತಿಲ್ಲ. ಆಚೆ ಕಡೆಗೆ ಬೀಳಿಸ್ತೀನಿ, ನಿಮ್ಮ ಶೆಡ್ಡಿಗೆ ಏನೂ ಆಗಲ್ಲ."

ಜಾಬರ್ ಗೋಡೆ ನೋಡಿದರು. ಅವನ ಮಾತು ಸರಿಯಿತ್ತು. ತಾವೇ ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದರು. ಎರಡು ತಿಂಗಳ ಬೆವರು ಮಣ್ಣುಪಾಲಾಯಿತು ಎಂದುಕೊಳ್ಳುತ್ತ, ಟೀಚರಿಗೆ ಏನು ಹೇಳುವುದೆಂದು ಗೊತ್ತಾಗದೆ ನಿಧಾನವಾಗಿ ಹಿಂದಿರುಗಿದರು. ಅವರು ಬಾಗಿಲು ಮುಟ್ಟುವ ಹೊತ್ತಿಗೆ ನೆಲ ಮತ್ತೆ ಅದುರುತ್ತಿತ್ತು.

ಒಳಗೆ ಆಟ ನಿಂತಿರಲಿಲ್ಲ.

ಆ ಗದ್ದಲ ಕೇಳಿದೊಡನೆ ಹೆಂಗಸರ ಮೈಯಲ್ಲಿ ಹಳೆಯದೇನೋ ಎದ್ದುಕೂತಿತ್ತು. ರೇಡಿಯೊ ಒಮ್ಮೆ ಮೇಳದ ಕಡೆ ನೋಡಿ ಗದ್ದ ಎತ್ತಿದ್ದಳು, ಅಷ್ಟೆ. ಹದಿಮೂರು ಜನರೂ ದನಿ ಬಿಟ್ಟು ತುಟಿಗೆ ಇಳಿದಿದ್ದರು. ಒಂದೊಂದು ಮಾತೂ ಬಾಯಿಯ ಮೇಲೆ ದೊಡ್ಡದಾಗಿ, ಪೂರ್ತಿಯಾಗಿ ಮೂಡುತ್ತಿತ್ತು. ಅದರ ಹಿಂದೆಯೇ ಕೈ ಹೋಗುತ್ತಿತ್ತು. ಕುರ್ಚಿಯವರು ಕಕ್ಕಾಬಿಕ್ಕಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಗೋಡೆಯ ಬದಿಯಲ್ಲಿ ನಿಂತಿದ್ದ ಹಳೆಯ ನೇಯ್ಗೆಯವಳೊಬ್ಬಳು ಮುಂದೆ ಬಂದು, ಕುರ್ಚಿಯಲ್ಲಿದ್ದ ಹುಡುಗಿಯ ಕಿವಿಗೆ ಬಾಯಿಟ್ಟು, ರಾಣಿ ಹೇಳುತ್ತಿದ್ದುದನ್ನು ಹೇಳಿದಳು. ಅವಳನ್ನು ನೋಡಿ ಇನ್ನೊಬ್ಬಳು ಬಂದಳು. ಯಾರೂ ಹೇಳದೆ, ಯಾರೂ ಕೇಳದೆ, ಸಾಲಿಗಿಬ್ಬರು ಮೂವರು ನಿಂತು ಬಾಗಿ ಕಿವಿಗಳಿಗೆ ಮಾತು ಹಾಯಿಸತೊಡಗಿದರು. ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಟೀಚರಿಗೆ ಅವಳದೇ ನಾಟಕವನ್ನು ಹಲ್ಲಿಲ್ಲದ ಮುದುಕಿಯೊಬ್ಬಳು ಒಂದು ಮಾತೂ ಬಿಡದೆ ಒಪ್ಪಿಸುತ್ತಿದ್ದಳು.

ಜಾಬರ್ ಕಿವಿಗೆ ಯಾರೂ ಬರಬೇಕಾಗಿರಲಿಲ್ಲ. ಬಾಗಿಲಲ್ಲಿ ನಿಂತಲ್ಲಿಂದಲೇ ಅವರಿಗೆ ಎಲ್ಲವೂ ತಿಳಿಯಿತು. ಸತ್ತ ಮೊಮ್ಮಗನನ್ನು ತಂದು ರಾಣಿಯ ತೊಡೆಯ ಮೇಲೆ ಮಲಗಿಸಿದರು. ಬಟ್ಟೆ ಸುತ್ತಿದ ಒಂದು ಗಂಟು ಅದು. ರೇಡಿಯೊ ಗೇಣು ಹಾಕಿ ಅದನ್ನು ಹೆಗಲಿನಿಂದ ಪಾದದವರೆಗೆ ಅಳೆದಳು. ನಾಲ್ಕು ಗೇಣು. ಮತ್ತೊಮ್ಮೆ ಅಳೆದಳು. ಹಬ್ಬಿದ ಬೆಳಕಿನಲ್ಲಿ ಅವಳ ತುಟಿ ಹೇಳಿತು: ಕಂದಾ, ನಿನಗೊಂದು ಅಂಗಿ ಹೊಲಿಯಬೇಕೆಂದು ಎಷ್ಟು ಸಲ ಕರೆದೆ, ಆಟ ಬಿಟ್ಟು ಬರಲಿಲ್ಲ ನೀನು. ಇವತ್ತು ಅಲುಗಾಡದೆ ಅಳತೆ ಕೊಡುತ್ತಿದ್ದೀಯ.

ಮೂವತ್ತೊಂದು ವರ್ಷ ಅವರು ಹರಟೆ ಎಂದದ್ದು ಇದನ್ನು. ಜಾಬರ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಇಷ್ಟೊಂದು ಮಾತನ್ನು ಇಷ್ಟು ದೂರಕ್ಕೆ, ಇಷ್ಟು ಗದ್ದಲ ದಾಟಿಸಿ, ಒಂದು ಹನಿಯೂ ಚೆಲ್ಲದಂತೆ ಮುಟ್ಟಿಸುವ ಕಸುಬು ತಮ್ಮ ಕಣ್ಣೆದುರಿಗೇ ನಡೆದಿತ್ತು. ರಾಜರ ಆಸ್ಥಾನದಲ್ಲಿ ಇದನ್ನು ಕಲಿತವರಿದ್ದಿದ್ದರೆ ಶಾಲು ಹೊದಿಸುತ್ತಿದ್ದರು. ತಾವು ಚೀಟಿ ಕೊಟ್ಟಿದ್ದರು.

ಪಕ್ಕದ ಗೋಡೆ ಬಿದ್ದದ್ದು ನಾಟಕದ ಕೊನೆಯಲ್ಲಿ. ಕಥೆಯಲ್ಲೂ ಆಗ ಊರಿನ ಕೋಟೆ ಉರುಳುತ್ತದೆ. ಛಾವಣಿಯ ಗಾಜು ಗಲಗಲನೆ ನಡುಗಿತು, ತೊಲೆಗಳಿಂದ ಹತ್ತಿಯ ಹಳೆಯ ಧೂಳು ಬೆಳ್ಳಗೆ ಇಳಿಯಿತು. ಹೆಂಗಸರಲ್ಲಿ ಒಬ್ಬಳೂ ಬೆಚ್ಚಲಿಲ್ಲ. ಆಮೇಲೆ ಅಂಗಾಲಿನ ಅದುರು ನಿಂತಿತು. ಕಿವಿಗೆ ಬಾಗಿದ್ದವರೆಲ್ಲ ನೆಟ್ಟಗೆ ನಿಂತು ಬಾಯಿ ಮುಚ್ಚಿದರು. ಯಂತ್ರ ನಿಂತಿದೆಯೆಂದು ಜಾಬರಿಗೆ ಅದರಿಂದಲೇ ತಿಳಿಯಿತು. ರಾಣಿಗೆ ಇನ್ನೂ ಒಂದು ಮಾತು ಉಳಿದಿತ್ತು. ಈಗ ದನಿ ತೆಗೆಯಬಹುದಿತ್ತು. ಅವಳು ತೆಗೆಯಲಿಲ್ಲ. ನಿಶ್ಶಬ್ದವಾದ ಶೆಡ್ಡಿನಲ್ಲಿ, ಉಳಿದವರನ್ನು ಒಬ್ಬೊಬ್ಬರನ್ನಾಗಿ ನೋಡಿ, ತುಟಿಯ ಮೇಲೆಯೇ ಹೇಳಿದಳು: ಏಳಿ, ನಡೆಯುವ ಕಾಲು ಇನ್ನೂ ನಮ್ಮದೇ. ಇಷ್ಟು ಹೊತ್ತು ಕಿವಿಯಿಂದ ಕೇಳಿದ್ದ ಕುರ್ಚಿಯವರೂ ಆ ಒಂದು ಮಾತನ್ನು ಕಣ್ಣಿನಿಂದ ಕೇಳಿದರು. ಹದಿಮೂರು ಜನ ಎದ್ದು, ಧೂಳಿನೊಳಗೆ ನಡೆದು, ದೊಡ್ಡ ಬಾಗಿಲಿನಿಂದ ಬಿಸಿಲಿಗೆ ಹೋದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ ಎಂದು ಟೀಚರ್ ಆಮೇಲೆ ಕೊರಗಿದಳು. ತಟ್ಟಿದ್ದರು, ಬಹಳ ತಡವಾಗಿ. ಆಗ ಅವಳು ಹೊರಗೆ ರೇಡಿಯೊಳ ಹೆಗಲ ಮೇಲೆ ಮುಖವಿಟ್ಟು ಅಳುತ್ತಿದ್ದಳು. ಜಾಬರ್ ಅಲ್ಲಿಗೆ ಹೋದರು. ಹೇಳಬೇಕೆಂದು ಒಂದಿಷ್ಟು ಮಾತು ಜೋಡಿಸಿಕೊಂಡಿದ್ದರು, ಅದನ್ನು ಬದಿಗಿಟ್ಟರು. ತುಟಿ ಆಡಿಸಿದರು. ವಕ್ರವಕ್ರವಾಗಿ, ಮಾತು ಕಲಿಯುವ ಮಗುವಿನ ಹಾಗೆ: ತಪ್ಪಾಯಿತು. ರೇಡಿಯೊ ಅದನ್ನು ಓದಿ, ಟೀಚರಿನ ಬೆನ್ನು ಸವರುತ್ತಲೇ ನಕ್ಕಳು. "ಪರವಾಗಿಲ್ಲ, ಉಚ್ಚಾರಣೆ ಸ್ವಲ್ಪ ತಿದ್ದಬೇಕು," ಎಂದಳು.

ಮನೆಗೆ ಹೋಗುವ ದಾರಿಯಲ್ಲಿ ಜಾಬರ್ ಹೆಂಡತಿಯನ್ನು ನಿಲ್ಲಿಸಿದರು. ತಮಗೆ ಕಿವಿ ಕೇಳಿಸುವುದಿಲ್ಲ, ಬಹಳ ವರ್ಷದಿಂದ ಕೇಳಿಸುವುದಿಲ್ಲ ಎಂದು, ದೊಡ್ಡ ಗುಟ್ಟು ಒಡೆಯುವವರಂತೆ ಹೇಳಿದರು. ಅವಳು ಎದುರಿಗೆ ಬಂದು ನಿಂತು, ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಗೊತ್ತು ಕಣ್ರೀ. ಇಡೀ ಬೀದಿಗೇ ಗೊತ್ತು."

ಒಂದು ತಿಂಗಳ ಮೇಲೆ ಮಗ್ಗದ ಶೆಡ್ಡನ್ನೂ ಕೆಡವಿದರು. ಅದನ್ನು ನೋಡಲು ಜಾಬರಾಗಲಿ ಹೆಂಗಸರಾಗಲಿ ಊರಲ್ಲಿರಲಿಲ್ಲ. ನಾಟಕವನ್ನು ನೋಡಿದ್ದವರೊಬ್ಬರು ಬೇರೆ ಊರಿನ ಕಿವುಡ ಮಕ್ಕಳ ಶಾಲೆಗೆ ಅವರನ್ನು ಕರೆಸಿದ್ದರು. ಬಾಡಿಗೆ ವ್ಯಾನಿನಲ್ಲಿ ಹದಿನೈದು ಜನ ಒತ್ತಿಕೊಂಡು ಹೋದರು. ಹೋಗುವಾಗ ಇಂಜಿನ್ ಸದ್ದಿನಲ್ಲಿ ಹೆಂಗಸರು ದಾರಿಯುದ್ದಕ್ಕೂ ಮಾತಾಡಿದರು. ಜಾಬರ್ ಅದರಲ್ಲಿ ಮುಕ್ಕಾಲು ಪಾಲನ್ನು ಹಿಡಿದರು, ಎರಡು ಸಲ ತಮ್ಮನ್ನೇ ಆಡಿಕೊಂಡು ನಗುತ್ತಿದ್ದುದನ್ನೂ ಹಿಡಿದರು. ಟೀಚರ್ ಅವರಿಗೊಂದು ಕೆಲಸ ಗೊತ್ತುಮಾಡಿದ್ದಳು. ಆಟಕ್ಕೆ ಮೊದಲು ಅವರು ಕೊನೆಯ ಸಾಲಿನಲ್ಲಿ ಕೂತುಕೊಳ್ಳಬೇಕು, ಯಾರ ತುಟಿಯಾದರೂ ಕಾಣದಿದ್ದರೆ ಕೈ ಎತ್ತಬೇಕು. ಆ ಶಾಲೆಯ ಸಭಾಂಗಣದಲ್ಲಿ ಎಡಗಡೆಯ ಕಿಟಕಿಗೆ ಪರದೆ ಅಡ್ಡವಿತ್ತು. ಜಾಬರ್ ಕೈ ಎತ್ತಿದರು. ಯಾರೋ ಪರದೆ ಸರಿಸಿದರು. ಮಕ್ಕಳು ಒಳಗೆ ಬಂದು ಕೂತರು.